ನೀರಿನ ಗಿಡ ಅಂದುಕೊಂಡು ಕುಂಡದ ಗಿಡ ತಂದಿದ್ದೆ

ಟ್ಯಾಂಕ್ ಇಟ್ಟ ಮೊದಲ ತಿಂಗಳು ನಾನು 5 ಗಿಡ ತಂದೆ. 2 ಅಡಿ ಉದ್ದದ ಟ್ಯಾಂಕ್, ಸುಮಾರು 50 ಲೀಟರ್ ನೀರು, 8 ಗಪ್ಪಿ ಮೀನು. ಅಂಗಡಿಯಲ್ಲಿ ಆ ಗಿಡಗಳೆಲ್ಲ ನೀರೊಳಗೇ ಮುಳುಗಿ ನಿಂತಿದ್ದವು. ಅಂದಮೇಲೆ ನೀರಿನ ಗಿಡಗಳೇ ಇರಬೇಕು, ಅಲ್ವಾ? ಮನೆಗೆ ತಂದು ನೆಟ್ಟು, ಲೈಟ್ ಹಾಕಿ, ಅಮ್ಮನನ್ನು ಕರೆದೆ. ಅಮ್ಮ ಬಗ್ಗಿ ಒಂದು ನಿಮಿಷ ನೋಡಿದರು.

"ಇದು ನಮ್ಮ ಮೆಟ್ಟಿಲ ಹತ್ತಿರ ಕುಂಡದಲ್ಲಿದೆಯಲ್ಲೋ, ಬಿಳಿ ಗೆರೆಯದು. ಇದನ್ನ್ಯಾಕೆ ನೀರಲ್ಲಿ ಮುಳುಗಿಸಿದ್ದೀಯ?"

"ಇದು ಬೇರೆ ಜಾತಿ ಅಮ್ಮ" ಅಂದೆ. ಬೇರೆ ಜಾತಿ ಆಗಿರಲಿಲ್ಲ. ಅದು ಸ್ಪೈಡರ್ ಪ್ಲಾಂಟೇ. ಮೂರನೇ ವಾರಕ್ಕೆ ಎಲೆಗಳು ಪಾರದರ್ಶಕವಾಗಿ, ಮುಟ್ಟಿದರೆ ಲೋಳೆಯಾಗಿ ಕೈಗೆ ಬಂದವು. ಅದರ ಹಿಂದೆಯೇ ಮೊಂಡೊ ಗ್ರಾಸ್ ಹೋಯಿತು. ಲಕ್ಕಿ ಬ್ಯಾಂಬೂ ಮಾತ್ರ ಹತ್ತಿರ ಹತ್ತಿರ 3 ತಿಂಗಳು ಹಸಿರಾಗಿಯೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಬುಡ ಹಳದಿ, ನೀರಿಗೆ ಕೊಳೆತ ವಾಸನೆ, ಗಪ್ಪಿಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಕೊಳೆತ ಗಿಡದಿಂದ ನೀರಲ್ಲಿ ಅಮೋನಿಯಾ ಏರಿತ್ತು, ಮೀನಿಗೆ ಅದು ವಿಷ. ಅರ್ಧ ನೀರು ಬದಲಾಯಿಸಿದರೂ 3 ಮೀನು ಉಳಿಯಲಿಲ್ಲ.

ನನಗೆ ಮೋಸ ಮಾಡಿದ್ದು ಆ 3 ತಿಂಗಳೇ. ಲಕ್ಕಿ ಬ್ಯಾಂಬೂ ಹೆಸರಿಗಷ್ಟೇ ಬಿದಿರು, ನಿಜದಲ್ಲಿ ಅದು ಡ್ರಸೀನಾ ಅನ್ನುವ ನೆಲದ ಗಿಡ. ದಪ್ಪ ಕಾಂಡದಲ್ಲಿ ಕೂಡಿಟ್ಟ ಆಹಾರ ಇರುತ್ತದೆ. ನೀರಲ್ಲಿ ಮುಳುಗಿದ ಮೇಲೆ ಆ ಗಂಟನ್ನೇ ಕರಗಿಸಿಕೊಂಡು ತಿನ್ನುತ್ತದೆ. ನಮಗೆ ಅದು ಬದುಕಿದ ಹಾಗೆ ಕಾಣುತ್ತದೆ, ಆದರೆ ಅದು ಉಪವಾಸದಲ್ಲಿರುತ್ತದೆ. ಎಲೆಗಳನ್ನು ನೀರಿನಿಂದ ಹೊರಗಿಟ್ಟು ಬುಡ ಮಾತ್ರ ಮುಳುಗಿಸಿದ್ದರೆ ವರ್ಷಗಟ್ಟಲೆ ಇರುತ್ತಿತ್ತು. ಮನಿ ಪ್ಲಾಂಟ್ ಕೂಡ ಹಾಗೇ. ಬೇರು ನೀರಲ್ಲಿ, ಎಲೆ ಗಾಳಿಯಲ್ಲಿ.

ಉಪವಾಸ ಯಾಕೆ ಅಂದರೆ, ನೆಲದ ಗಿಡದ ಎಲೆಗೆ ಇರುವ ದೊಡ್ಡ ಚಿಂತೆ ಒಳಗಿನ ನೀರು ಆರಿಹೋಗದ ಹಾಗೆ ನೋಡಿಕೊಳ್ಳುವುದು. ಅದಕ್ಕೇ ಮೇಲೊಂದು ಮೇಣದ ಪದರ, ಗಾಳಿ ಓಡಾಡಲು ಸಣ್ಣ ಸಣ್ಣ ರಂಧ್ರ. ನೀರೊಳಗೆ ಆ ಮೇಣವೇ ಅಡ್ಡಗೋಡೆ. ಅದರ ಮೇಲೆ, ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಪೂರ್ತಿ ಮುಳುಗಿ ಬದುಕುವ ಗಿಡಗಳ ಎಲೆ ಈರುಳ್ಳಿ ಪೊರೆಯ ಹಾಗೆ ತೆಳ್ಳಗೆ. ಮೇಣ ಇಲ್ಲವೆನ್ನುವಷ್ಟು ಕಡಿಮೆ. ಬೇಕಾದ್ದನ್ನು ಎಲೆಯ ಮೈಯೆಲ್ಲ ಹೀರಿಕೊಳ್ಳುತ್ತದೆ. ಹೈಸ್ಕೂಲಿನಲ್ಲಿ ಬೀಕರ್‌ನಲ್ಲಿ ಹೈಡ್ರಿಲ್ಲಾ ಇಟ್ಟು, ಆಲಿಕೆ ಬೋರಲು ಹಾಕಿ ಗುಳ್ಳೆ ನೋಡಿದ್ದೆವಲ್ಲ, ಅದೇ ಗಿಡ ಇವತ್ತು ನನ್ನ ಟ್ಯಾಂಕಿನಲ್ಲಿ ಬೇಡವೆಂದರೂ ಬೆಳೆಯುತ್ತದೆ.

ಈಗ ಅಂಗಡಿಗೆ ಹೋದರೆ ಮೊದಲು ಗಿಡವನ್ನು ನೀರಿನಿಂದ ಎತ್ತಿ ಹಿಡಿಯುತ್ತೇನೆ. ನೀರಿನ ಗಿಡವಾದ ವ್ಯಾಲಿಸ್ನೇರಿಯಾ, ನೆಲದ ಗಿಡವಾದ ಮೊಂಡೊ ಗ್ರಾಸ್ ಎರಡೂ ನೀರೊಳಗೆ ಉದ್ದ ಹುಲ್ಲಿನ ಹಾಗೇ ಕಾಣುತ್ತವೆ. ಮೇಲೆತ್ತಿದಾಗ ವ್ಯಾಲಿಸ್ನೇರಿಯಾ ಒದ್ದೆ ರಿಬ್ಬನ್ನಿನಂತೆ ಕೈಮೇಲೆ ಜೋಲುತ್ತದೆ, ಮೊಂಡೊ ಗ್ರಾಸ್ ಪೊರಕೆ ಕಡ್ಡಿಯಂತೆ ಸೆಟೆದು ನಿಲ್ಲುತ್ತದೆ. ಕಬೊಂಬ ಅನ್ನುವ ಇನ್ನೊಂದು ನೀರಿನ ಗಿಡವನ್ನು ಎತ್ತಿದರಂತೂ ಸ್ನಾನ ಮಾಡಿದ ಜುಟ್ಟು. ನೀರೇ ಹೊತ್ತುಕೊಂಡಿರುವಾಗ ಗಿಡಕ್ಕೆ ಗಟ್ಟಿ ನಾರು ಯಾಕೆ ಬೇಕು ಹೇಳಿ!

ಆಮೇಲೆ ಎಲೆಯನ್ನು ನೀರಲ್ಲಿ ಅದ್ದಿ ಓರೆಯಾಗಿ ನೋಡುತ್ತೇನೆ. ಬೆಳ್ಳಿಯ ಹೊಳಪು ಕಂಡರೆ ಅದು ಮೇಣಕ್ಕೆ ಅಂಟಿದ ಗಾಳಿ. ಹೊರಗೆ ತೆಗೆದಾಗ ಹನಿ ಕೆಸುವಿನೆಲೆ ಮೇಲೆ ಉರುಳಿದ ಹಾಗೆ ಉರುಳಿ ಬೀಳುತ್ತದೆ. (ತಾವರೆ ಎಲೆ ಮೇಲೂ ಹನಿ ಉರುಳುತ್ತದೆ, ನಿಜ. ಆದರೆ ತಾವರೆಯ ಕಾಲು ಕೆಸರಲ್ಲಿ, ಎಲೆ ಗಾಳಿಯಲ್ಲಿ. ಅದು ಮುಳುಗಿ ಬದುಕುವ ಎಲೆಯಲ್ಲ.) ಎಲೆಗೆ ಬಿಳಿ ಅಂಚು, ಗುಲಾಬಿ ಚುಕ್ಕೆ, ಕಡು ನೇರಳೆ ಬಣ್ಣ ಇದ್ದರೆ ನನಗೆ ಮೊದಲು ಅನುಮಾನ. ಸಿಂಗೋನಿಯಂ, ಫಿಟ್ಟೋನಿಯಾ, ಕ್ಯಾಲೇಡಿಯಂ, ಎಲ್ಲವನ್ನೂ ಟ್ಯಾಂಕಿಗೆಂದು ಮಾರುವುದನ್ನು ನೋಡಿದ್ದೇನೆ. ಎಲ್ಲವೂ ನರ್ಸರಿಯ ಗಿಡಗಳು. ಇನ್ನು ಕಾಂಡದ ಒಂದು ತುಂಡು ಕತ್ತರಿಸಲು ಬಿಟ್ಟರೆ ನೀರೊಳಗೆ ಹಿಚುಕುತ್ತೇನೆ. ಒಳಗೆ ನೀರಿನ ಗಿಡಗಳಿಗಿರುವ ಗಾಳಿ ಕೊಳವೆಗಳಿದ್ದರೆ ಗುಳ್ಳೆ ಬರುತ್ತದೆ. ಅಂಗಡಿಯವರು ಇದಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲ.

ಇಷ್ಟು ಕಲಿತ ಮೇಲೆ ನಾನು ಪಂಡಿತನಾಗಿಬಿಟ್ಟೆ ಅಂದುಕೊಂಡೆ. ಅಲ್ಲೇ ಎರಡನೇ ಏಟು ಬಿತ್ತು. ಒಂದು ಕ್ರಿಪ್ಟೊಕೊರೈನ್ ತಂದೆ. ಎಲೆ ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಒಂದೇ ವಾರದಲ್ಲಿ ಎಲೆಗಳೆಲ್ಲ ಕರಗಿ ನೀರಾದವು. "ಇದೂ ಕುಂಡದ ಗಿಡವೇ" ಅಂತ ಬೇರುಸಮೇತ ಕಿತ್ತು ಎಸೆದೆ. ಎಸೆದದ್ದು ಅಪ್ಪಟ ನೀರಿನ ಗಿಡ ಅಂತ ಆಮೇಲೆ ಗೊತ್ತಾಯಿತು.

ಆಗಿದ್ದೇನೆಂದರೆ, ಇಂಥ ಎಷ್ಟೋ ಗಿಡಗಳನ್ನು ಫಾರ್ಮ್‌ಗಳಲ್ಲಿ ನೀರಿನ ಹೊರಗೇ ಬೆಳೆಸುತ್ತಾರೆ. ತೇವದ ಗಾಳಿ, ಒದ್ದೆ ಬುಡ ಇದ್ದರೆ ಸಾಕು. ಬೇಗ ಬೆಳೆಯುತ್ತವೆ, ಪಾಚಿ ಕಟ್ಟುವುದಿಲ್ಲ. ಆದರೆ ಆ ಎಲೆಗಳು ಗಾಳಿಗೆಂದು ಹುಟ್ಟಿದವು. ಟ್ಯಾಂಕಿಗೆ ಬಂದ ಮೇಲೆ ಅವು ಹೋಗುತ್ತವೆ, ಬೇರು ಉಳಿದು ನೀರಿಗೆ ತಕ್ಕ ಹೊಸ ಎಲೆ ಬರುತ್ತದೆ. ಇದೇ ಕುಲದ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿದೆ. ಮಳೆಗಾಲದಲ್ಲಿ ಮುಳುಗಿರುತ್ತದೆ, ನೀರು ಇಳಿದ ಮೇಲೆ ಹೊರಗೆ ನಿಂತು ಹೂ ಬಿಡುತ್ತದೆ. ಎರಡು ಮನೆಯ ಗಿಡ! ವಾಟರ್ ವಿಸ್ಟೀರಿಯಾದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹೊರಗೆ ಬೆಳೆದ ಎಲೆ ತುಳಸಿಯ ಹಾಗೆ ಇಡಿಯಾಗಿರುತ್ತದೆ, ನೀರೊಳಗೆ ಹುಟ್ಟಿದ್ದು ಸಬ್ಬಸಿಗೆಯ ಹಾಗೆ ಸೀಳು ಸೀಳು. ಎರಡನ್ನೂ ಒಂದೇ ಕಾಂಡದ ಮೇಲೆ ನೋಡಿದಾಗ ನನಗೆ ನಂಬಲಾಗಲಿಲ್ಲ. ಇನ್ನು ಅನೂಬಿಯಾಸ್ ಎಲೆ ಚರ್ಮದ ಹಾಗೆ ಗಟ್ಟಿ. ನನ್ನ ಎತ್ತಿ ಹಿಡಿಯುವ ಪರೀಕ್ಷೆಯಲ್ಲಿ ಅದು ಖಂಡಿತ ಫೇಲು. ಆದರೂ ನೀರೊಳಗೆ ಆರಾಮಾಗಿ ಇರುತ್ತದೆ, ಅದರ ಅಡ್ಡ ಕಾಂಡವನ್ನು ಮಣ್ಣಲ್ಲಿ ಹೂಳಬಾರದು ಅಷ್ಟೇ.

ಹಾಗಾಗಿ ಹಳೆಯ ಎಲೆಯನ್ನು ನೋಡಿ ತೀರ್ಪು ಕೊಡುವುದನ್ನು ಬಿಟ್ಟಿದ್ದೇನೆ. ಹಳೆ ಎಲೆ ಉದುರಿದರೂ ಚಿಂತೆಯಿಲ್ಲ, ನೀರೊಳಗೆ ಹೊಸ ಎಲೆ ಹುಟ್ಟಿ, ಬಿಚ್ಚಿ, ಕೊಳೆಯದೆ ಉಳಿಯುತ್ತದಾ ಅನ್ನುವುದೇ ಈಗ ನನ್ನ ಲೆಕ್ಕ. ಅದಕ್ಕೆ ಬಾಲ್ಕನಿಯಲ್ಲಿ ಒಂದು ಹಳೆ ಬಿಳಿ ಬಕೆಟ್ ಇಟ್ಟಿದ್ದೇನೆ. ಹೊಸ ಗಿಡ ಯಾವುದೇ ಬರಲಿ, ಮೊದಲು ಪೂರ್ತಿ ಮುಳುಗಿಸಿ ಅದರಲ್ಲಿ ಬಿಡುತ್ತೇನೆ, ಕಡಿಮೆ ಅಂದರೂ 4 ವಾರ. ಬೆಳಗಿನ ಬಿಸಿಲು ಒಂದು ಗಂಟೆ ಬಿದ್ದರೆ ಸಾಕು, ಜಾಸ್ತಿ ಬಿದ್ದರೆ ಪಾಚಿ. ಕಾಂಡ ದಪ್ಪ ಇದ್ದರೆ ಇನ್ನೂ 2 ತಿಂಗಳು ಜಾಸ್ತಿ ಕಾಯುತ್ತೇನೆ, ಲಕ್ಕಿ ಬ್ಯಾಂಬೂ ಕಲಿಸಿದ ಪಾಠ ಅದು. ಕೊಳೆತರೂ ಬಕೆಟ್ ನೀರು ಚೆಲ್ಲಿದರೆ ಮುಗಿಯಿತು, ಮೀನಿಗೆ ತೊಂದರೆಯಿಲ್ಲ. ಚೆಲ್ಲುವುದು ಕುಂಡಕ್ಕೆ ಮಾತ್ರ, ಕೆರೆಗೆ, ಮೋರಿಗೆ ಅಲ್ಲ. ಹೈಡ್ರಿಲ್ಲಾ ಫ್ಲೋರಿಡಾಕ್ಕೆ 1950ರ ದಶಕದಲ್ಲಿ ಅಕ್ವೇರಿಯಂ ಗಿಡವಾಗಿ ಹೋಗಿ ಅಲ್ಲಿನ ಕೆರೆ ಹೊಳೆಗಳನ್ನೇ ನುಂಗಿದೆ.

ಈಗ ಬಕೆಟ್ಟಿನಲ್ಲಿ ಹೆಸರು ಗೊತ್ತಿಲ್ಲದ ಒಂದು ಕೆಂಪು ಗಿಡ ಇದೆ. ಇವತ್ತಿಗೆ 12 ದಿನ. ಕೆಳಗಿನ ಎರಡು ಎಲೆ ಹೋಗಿವೆ. ತುದಿಯಲ್ಲಿ ಸೂಜಿಮೊನೆಯಷ್ಟು ಏನೋ ಕಾಣುತ್ತಿದೆ. ಅಮ್ಮ ಮಾತ್ರ ಆಗಲೇ ಅದಕ್ಕೊಂದು ಕುಂಡ ತೊಳೆದಿಟ್ಟಿದ್ದಾರೆ.