ಒಂಬತ್ತು ಜನರಿಂದ ಆಗದ್ದು ಐದು ಜನರಿಂದ ಆಯಿತು

ಶಿವಮೊಗ್ಗದಲ್ಲಿ ಕೂತು ಸಾಫ್ಟ್‌ವೇರ್ ಟೀಮ್ ನಡೆಸುವವರಿಗೆಲ್ಲ ಬೆಂಗಳೂರಿನ ಕ್ಲೈಂಟ್ ಹೇಳುವ ಮಾತು ಒಂದೇ: "ಜನ ಹಾಕಿ, ಬೇಗ ಮುಗಿಸಿ." ಕಳೆದ ವರ್ಷ ನಾನು ಇದಕ್ಕೆ ಉಲ್ಟಾ ಹೋದೆ. ಜನ ಕಡಿಮೆ ಮಾಡಿದೆ, ಒಂದೇ ಸಲಕ್ಕೆ ಹಿಡಿಯುವ ಕೆಲಸವನ್ನೂ ಕಡಿಮೆ ಮಾಡಿದೆ. "ಇವನ ಕಥೆ ಮುಗೀತು" ಅಂದವರಿದ್ದರು. ಅವರಲ್ಲೇ ಇಬ್ಬರು ಈಗ ನಾವು ಕೆಲಸಗಳ ಕಾರ್ಡ್ ಹಾಕುವ ಬೋರ್ಡಿನ ಫೋಟೋ ಕೇಳಿ ತರಿಸಿಕೊಂಡಿದ್ದಾರೆ.

ಕೆಲಸ ಅಡಿಕೆ ಮಂಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಐದು ಜನ ಇದ್ದೆವು. ತಡ ಆಯಿತು ಅಂತ ಕ್ಲೈಂಟ್ ಒತ್ತಾಯ ಮಾಡಿ ಇನ್ನೂ ನಾಲ್ವರನ್ನು ಸೇರಿಸಿದರು. ಸಂಬಳ ತಲೆಗೆ ಇಪ್ಪತ್ತೈದು, ಮೂವತ್ತು ಸಾವಿರ. ಹೊಸಬರಿಗೆ ಕೋಡ್ ತೋರಿಸುವವರು ಯಾರು? ಅದೇ ಇಬ್ಬರು ಸೀನಿಯರ್‌ಗಳು, ಅಂದರೆ ನಿಜವಾಗಿ ಕೆಲಸ ಎಳೆಯುತ್ತಿದ್ದವರು. ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಇನ್ನೂ ತಡ ಆಗುತ್ತದೆ ಅಂತ ಐಬಿಎಂನಲ್ಲಿ ಓಎಸ್/360 ಅನ್ನುವ ದೊಡ್ಡ ಆಪರೇಟಿಂಗ್ ಸಿಸ್ಟಂ ಮಾಡಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ. ನಾವೆಲ್ಲ ಅದನ್ನು ಸ್ಲೈಡಿನಲ್ಲಿ ಹಾಕಿಕೊಂಡವರೇ, ಅಲ್ವಾ? ಐದು ಜನರಲ್ಲಿ ಪರಸ್ಪರ ಮಾತಾಡಬೇಕಾದ ಜೋಡಿ 10, ಒಂಬತ್ತಾದರೆ 36. ಈ ಲೆಕ್ಕ ಮುಂದಿಟ್ಟರೂ ಕ್ಲೈಂಟ್ ಕೇಳಲಿಲ್ಲ. ನಾಲ್ಕೈದು ತಿಂಗಳಲ್ಲಿ ಐದಾರು ಲಕ್ಷ ಹೋಯಿತು. ರಿಲೀಸ್ ಇನ್ನೆರಡು ತಿಂಗಳು ಮುಂದಕ್ಕೆ ಹೋಯಿತು.

ಎಲ್ಲಿ ಕೆಟ್ಟಿತು ಅಂತ ಒಂದು ಬಿಲ್ ಹಿಡಿದು ಹೇಳುತ್ತೇನೆ. ಮೂಟೆ ತೂಗಿ, ಚೀಲದ ತೂಕ ಕಳೆದು, ಉಳಿದದ್ದಕ್ಕೆ ಕ್ವಿಂಟಲ್ ರೇಟ್ ಹಾಕಬೇಕು. ಒಬ್ಬ ಹುಡುಗ ಒಂದೊಂದು ಮೂಟೆಯ ನಿವ್ವಳ ತೂಕವನ್ನೂ ರೌಂಡ್ ಮಾಡಿ ಆಮೇಲೆ ಕೂಡಿಸಿದ್ದ. ರಿಪೋರ್ಟ್ ಬರೆದ ಹುಡುಗಿ ಮೊದಲು ಕೂಡಿಸಿ ಕೊನೆಗೆ ರೌಂಡ್ ಮಾಡಿದ್ದಳು. ಇಬ್ಬರ ಬ್ರಾಂಚ್, ಅಂದರೆ ಬೇರೆ ಬೇರೆಯಾಗಿ ಬರೆದ ಕೋಡ್, ರಿವ್ಯೂಗೆ (ಇನ್ನೊಬ್ಬರು ಓದಿ ತಪ್ಪು ನೋಡುವುದಕ್ಕೆ) ಬಂದು ವಾರಗಟ್ಟಲೆ ಕೊಳೆಯುತ್ತಿದ್ದವು. ಕೊನೆಗೆ ಯಾರೋ ಮೇಲಿಂದ ಮೇಲೆ ಕಣ್ಣಾಡಿಸಿ ಒಟ್ಟಿಗೆ ಮರ್ಜ್ ಮಾಡಿ ಮುಖ್ಯ ಕೋಡಿಗೆ ಸೇರಿಸಿದರು. ಬಿಲ್ಲಿಗೂ ರಿಪೋರ್ಟಿಗೂ ಅರ್ಧ ಕೆಜಿ ವ್ಯತ್ಯಾಸ. ಆಗ ಕೆಜಿಗೆ ಐನೂರರ ಹತ್ತಿರ ಇದ್ದ ರಾಶಿ ಬಗೆಯ ಅಡಿಕೆಯಲ್ಲಿ ಅರ್ಧ ಕೆಜಿ ಅಂದರೆ ಸುಮ್ನೆನಾ? ಮಂಡಿಯ ಗುಮಾಸ್ತರು ಕ್ಯಾಲ್ಕುಲೇಟರ್ ಹಿಡಿದು ಫೋನ್ ಮಾಡಿದರು: "ಸಾರ್, ನಿಮ್ಮ ಕಂಪ್ಯೂಟರ್‌ಗೆ ಕೂಡೋಕೆ ಬರಲ್ವಾ?"

ಆಗ ಎಲ್ಲರ ಕೈಯಲ್ಲೂ ಎರಡೆರಡು, ಮೂರು ಮೂರು ಕೆಲಸ ಇತ್ತು. ಮುಗಿದದ್ದು ಮಾತ್ರ ಯಾವುದೂ ಇಲ್ಲ.

ಹೊಸಬರಲ್ಲಿ ಇಬ್ಬರು ತಾವೇ ಬಿಟ್ಟರು, ಇನ್ನಿಬ್ಬರನ್ನು ಬೇರೆ ಪ್ರಾಜೆಕ್ಟ್‌ಗೆ ಕಳಿಸಿದೆ. ಆಮೇಲೆ ನಿಯಮ ಹಾಕಿದೆ: ಒಂದು ಕೆಲಸಕ್ಕೆ ಒಂದು ಕಾರ್ಡ್, ಬೋರ್ಡಿನಲ್ಲಿ ನಡೆಯುತ್ತಿರುವ ಕಾರ್ಡ್ ಮೂರೇ ಇರಬೇಕು, ರಿವ್ಯೂನಲ್ಲಿ ಎರಡೇ. ರಿವ್ಯೂ ತುಂಬಿದರೆ ಹೊಸದನ್ನು ಮುಟ್ಟುವ ಹಾಗಿಲ್ಲ. ಮೊದಲು ಅದನ್ನು ಖಾಲಿ ಮಾಡಬೇಕು, ಇಲ್ಲ ಟೆಸ್ಟ್ ಬರೆಯಬೇಕು. ಅದೂ ಇಲ್ಲದಿದ್ದರೆ ಸುಮ್ನೆ ಕೂರಬೇಕು. ಈ ಕೊನೆಯದು ಕ್ಲೈಂಟ್‌ಗೆ ನುಂಗಲಾರದ ತುತ್ತು. ವಿಡಿಯೋ ಕಾಲ್‌ನಲ್ಲಿ ಒಬ್ಬ ಕಾಫಿ ಹಿಡಿದು ಕೂತಿದ್ದನ್ನು ನೋಡಿ ಅವರ ಮ್ಯಾನೇಜರ್, "ಅವರಿಗೇನೂ ಕೆಲಸ ಇಲ್ವಾ?" ಅಂದರು. "ಈಗ ಇಲ್ಲ ಸಾರ್" ಅಂದೆ.

ಮೊದಲು ಒಂದು ಕಾರ್ಡ್ ಶುರುವಾಗಿ ಮಂಡಿ ತಲುಪಲು ಮೂರು ವಾರದ ಮೇಲೆ ಹಿಡಿಯುತ್ತಿತ್ತು. ಈಗ ನಾಲ್ಕೈದು ದಿನ. ಕಾರ್ಡನ್ನು ಹೇಗೆ ಒಡೆಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಮ್ಮ ಊಟ ಇರುವುದೇ ಅದರಲ್ಲಿ.

ಸ್ಟೋರಿ ಪಾಯಿಂಟ್, ಅಂದರೆ ಕೆಲಸ ಎಷ್ಟು ದೊಡ್ಡದು ಅಂತ ಟೀಮೇ ಅಂದಾಜಿಗೆ ಕೊಡುವ ಅಂಕ, ಹಿಡಿದು ಎರಡು ಟೀಮ್ ಹೋಲಿಸುವ ಚಟ ನಿಮ್ಮ ಕ್ಲೈಂಟ್‌ಗೂ ಇರಬಹುದು. ನಮ್ಮಲ್ಲಿ ಒಂದೇ ತಿಂಗಳಲ್ಲಿ ಪಾಯಿಂಟ್ ಡಬಲ್ ಆಯಿತು, ಕೆಲಸ ಅಷ್ಟೇ ಇತ್ತು. ಮೂರು ಪಾಯಿಂಟಿನ ಕೆಲಸಕ್ಕೆ ಐದೋ ಎಂಟೋ ಅಂತ ಹಾಕಿದರೆ ಆಯಿತಲ್ಲ! ಸ್ಕ್ರೀನ್‌ಶಾಟ್ ತೆಗೆಯುವ ಸಾಫ್ಟ್‌ವೇರನ್ನೂ ಹಾಕಿಸಿ ನೋಡಿದರು, ತಲೆಗೆ ತಿಂಗಳಿಗೆ ನಾನೂರೋ ಐನೂರೋ. ಮೌಸ್ ಅಲ್ಲಾಡುತ್ತಿದ್ದರೆ ಹಸಿರು ದೀಪ. ಕೋಡ್ ಓದುತ್ತಾ ಯೋಚನೆ ಮಾಡುವವನಿಗೆ ಕೆಂಪು. ಎರಡನೇ ತಿಂಗಳಿಗೇ ತೆಗೆಸಿದೆ.

ಮಳೆಗಾಲದಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ತೀರ್ಥಹಳ್ಳಿ, ಹೊಸನಗರ ಕಡೆ ಮನೆಯಿಂದ ಕೆಲಸ ಮಾಡುವವರಿಗೆ ಜುಲೈನಲ್ಲಿ ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಹದಿನೈದು ನಿಮಿಷದ ಸ್ಟ್ಯಾಂಡಪ್ (ದಿನದ ಚಿಕ್ಕ ಮೀಟಿಂಗ್) ಮುಕ್ಕಾಲು ಗಂಟೆ ಆಗುತ್ತಿತ್ತು, ಅದರಲ್ಲಿ ಅರ್ಧ "ಕೇಳಿಸ್ತಿದೆಯಾ?" ಅಂತಲೇ. ಅದನ್ನು ನಿಲ್ಲಿಸಿ, ಸಿಗ್ನಲ್ ಸಿಕ್ಕಾಗ ನಾಲ್ಕು ಸಾಲು ಬರೆದು ಹಾಕಿ ಅಂದೆ. ಮಳೆ ನಿಂತ ಮೇಲೂ ಯಾರೂ ಮೀಟಿಂಗ್ ಬೇಕು ಅನ್ನಲಿಲ್ಲ.

ಇನ್ನು ಕೊಯ್ಲಿನ ರಜೆ. ನವೆಂಬರ್, ಡಿಸೆಂಬರ್‌ನಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಬರುತ್ತಾನೆ ಅಂದ ದಿನ ನಮ್ಮ ಅರ್ಧ ಹುಡುಗರು ತೋಟದಲ್ಲಿರಲೇಬೇಕು. ಬೇಡ ಅಂದರೆ ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿ ಹೋಗುತ್ತಾರೆ, ಅಷ್ಟೇ. ವರ್ಷದ ಶುರುವಿನಲ್ಲೇ ಆ ದಿನಗಳನ್ನು ಕ್ಯಾಲೆಂಡರ್‌ನಿಂದ ತೆಗೆದುಬಿಟ್ಟೆ. ದೊಡ್ಡ ರಿಲೀಸ್ ಏನಿದ್ದರೂ ದಸರೆಗೆ ಮೊದಲು. ಕ್ಲೈಂಟ್ ನಕ್ಕರು. ಆದರೆ ಆ ವರ್ಷ ಅವರಿಗೆ ಹೇಳಿದ ತಾರೀಖಿಗೆ ಬಂದದ್ದು ನಮ್ಮ ರಿಲೀಸ್ ಒಂದೇ.

ಸಪೋರ್ಟ್ ಕೆಲಸ ಮಾತ್ರ ಈ ಬೋರ್ಡಿಗೆ ಇನ್ನೂ ಕೂತಿಲ್ಲ. ಮಂಡಿಯಲ್ಲಿ ಪ್ರಿಂಟರ್ ನಿಂತರೆ ಬೋರ್ಡಿನಲ್ಲಿ ಜಾಗ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಸದ್ಯಕ್ಕೆ ವಾರಕ್ಕೊಬ್ಬರು ಫೋನಿಗೇ ಮೀಸಲು, ಅವರ ಹೆಸರಿನಲ್ಲಿ ಕಾರ್ಡ್ ಇಲ್ಲ.

ಈ ವರ್ಷ ಕ್ಲೈಂಟ್ ರೇಟ್ ಹದಿನೈದು ಪರ್ಸೆಂಟ್ ಹತ್ತಿರ ಏರಿಸಿದ್ದಾರೆ. ಜೊತೆಗೇ, "ಇನ್ನಿಬ್ಬರನ್ನು ಸೇರಿಸೋಣವಾ?" ಅಂತ ಕೇಳಿದ್ದಾರೆ. ಒಬ್ಬರನ್ನು ತಗೊಳ್ಳುತ್ತೇನೆ ಅಂದಿದ್ದೇನೆ, ಅದೂ ಮಳೆ ಹಿಡಿದು ಮಂಡಿಗೆ ಮಾಲು ಕಡಿಮೆಯಾದ ಮೇಲೆ.