ಅಪ್ಪ-ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಳ್ಳುವುದು: ಕಾಗದದ ಕೆಲಸ ಶುರುವಾಗುವುದು ಊರಿನಿಂದ

ಮುಂಬೈಯಲ್ಲಿ ನಾಲ್ಕೈದು ದಶಕ ದುಡಿದು ಡೊಂಬಿವಲಿ, ಮುಲುಂಡ್, ಥಾಣೆಗಳಲ್ಲಿ ಮನೆ ಮಾಡಿಕೊಂಡ ಕನ್ನಡಿಗರ ಕುಟುಂಬಗಳಲ್ಲಿ ಮಕ್ಕಳಲ್ಲೊಬ್ಬರು ಅಮೆರಿಕದಲ್ಲಿ ನೆಲೆಸಿರುವುದು ಈಗ ಅಪರೂಪವಲ್ಲ. ಅಪ್ಪ-ಅಮ್ಮನಿಗೆ ಎಪ್ಪತ್ತು ದಾಟುತ್ತಿದ್ದಂತೆ ‘ಇನ್ನು ಇಲ್ಲಿಗೇ ಬಂದು ಇದ್ದುಬಿಡಿ’ ಎಂಬ ಕರೆ ಆ ಕಡೆಯಿಂದ ಬರುತ್ತದೆ. ಅರ್ಜಿ ಹಾಕುವವರು ಅಲ್ಲಿರುವ ಮಗನೋ ಮಗಳೋ ಆದರೂ, ಅದಕ್ಕೆ ಬೇಕಾದ ದಾಖಲೆಗಳನ್ನು ಹುಡುಕಿ, ತಿದ್ದಿಸಿ, ಜೋಡಿಸುವ ಕೆಲಸವೆಲ್ಲ ನಡೆಯುವುದು ಇಲ್ಲಿ. ನನ್ನ ತಮ್ಮ ಅರ್ಜಿ ಹಾಕಿದಾಗ ಈ ಓಡಾಟ ನನ್ನ ಪಾಲಿಗೆ ಬಂದಿತ್ತು. ಏನನ್ನು ಮೊದಲೇ ಮಾಡಿಟ್ಟಿದ್ದರೆ ಎಷ್ಟು ತಿಂಗಳು ಉಳಿಯುತ್ತಿದ್ದವು ಎಂಬುದು ಆಗ ಅರ್ಥವಾಯಿತು.

ಅರ್ಜಿ ಯಾರು ಹಾಕಬಹುದು

ತಂದೆ-ತಾಯಿಗೆ ಕಾಯಂ ವಾಸದ ವೀಸಾ ಕೋರುವವರು ಅಮೆರಿಕದ ಪೌರರಾಗಿರಬೇಕು ಮತ್ತು ಅವರಿಗೆ 21 ವರ್ಷ ತುಂಬಿರಬೇಕು. ಗ್ರೀನ್ ಕಾರ್ಡ್, ಅಂದರೆ ಪೌರತ್ವವಿಲ್ಲದ ಕಾಯಂ ವಾಸದ ಹಕ್ಕು ಮಾತ್ರ ಇರುವವರಿಗೆ ಈ ಅವಕಾಶವಿಲ್ಲ. ಅವರು ಪೌರತ್ವ ಸಿಗುವವರೆಗೆ ಕಾಯಲೇಬೇಕು. ಐಆರ್-5 ಎಂದು ಕರೆಯುವ ಈ ವರ್ಗದ ವೀಸಾಗಳಿಗೆ ವಾರ್ಷಿಕ ಮಿತಿ ಇಲ್ಲದಿರುವುದರಿಂದ, ಅಣ್ಣ-ತಮ್ಮಂದಿರ ಅರ್ಜಿಗಳಂತೆ ಇವು ವರ್ಷಾನುಗಟ್ಟಲೆ ಸರದಿಯಲ್ಲಿ ಕೊಳೆಯುವುದಿಲ್ಲ. ಆದರೆ ತಂದೆಗೆ ಒಂದು, ತಾಯಿಗೆ ಒಂದು ಎಂದು ಎರಡು ಪ್ರತ್ಯೇಕ ಅರ್ಜಿ ಬೇಕು. ಮದುವೆಯಾಗದ ತಂಗಿಯನ್ನು ಅಪ್ಪ-ಅಮ್ಮನ ಅರ್ಜಿಯೊಂದಿಗೇ ಸೇರಿಸಿಬಿಡಬಹುದು ಎಂದು ಹಲವರು ನಂಬಿರುತ್ತಾರೆ. ಅದು ಸಾಧ್ಯವಿಲ್ಲ.

ಬೇರೆ ದೇಶಗಳ ದಾರಿ ಬೇರೆ. ಕೆನಡಾದಲ್ಲಿ ತಂದೆ-ತಾಯಿಯ ಕಾಯಂ ವಾಸದ ಅರ್ಜಿಗೆ ಸರ್ಕಾರದಿಂದ ಆಹ್ವಾನ ಬರಬೇಕು. ಅದಕ್ಕೆ ಬದಲಾಗಿ ಹೆಚ್ಚಿನವರು ಒಂದು ಬಾರಿಗೆ ಐದು ವರ್ಷದವರೆಗೆ ಉಳಿಯಬಹುದಾದ ಸೂಪರ್ ವೀಸಾ ಪಡೆಯುತ್ತಾರೆ. ಆಸ್ಟ್ರೇಲಿಯಾದಲ್ಲಿ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಅಲ್ಲಿ ನೆಲೆಸಿರಬೇಕೆಂಬ ಬಗೆಯ ಕುಟುಂಬ ಸಮತೋಲನದ ಪರೀಕ್ಷೆ ಇದೆ. ಬ್ರಿಟನ್ 2012ರಿಂದ ನಿಯಮವನ್ನು ಎಷ್ಟು ಬಿಗಿ ಮಾಡಿದೆಯೆಂದರೆ, ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆರೈಕೆ ಬೇಕಾದ, ಆ ಆರೈಕೆ ಊರಿನಲ್ಲಿ ಸಿಗದ ತಂದೆ-ತಾಯಿಗಷ್ಟೇ ಬಾಗಿಲು ತೆರೆದಿದೆ.

ಪ್ರವಾಸಿ ವೀಸಾದಲ್ಲಿ ಕರೆದೊಯ್ದು ಅಲ್ಲಿಯೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದರಾಯಿತು ಎಂಬ ಸಲಹೆ ಪ್ರತಿ ಸಮಾರಂಭದಲ್ಲೂ ಸಿಗುತ್ತದೆ. ನೆಲೆಸುವ ಉದ್ದೇಶ ಮೊದಲೇ ಇದ್ದು, ಅದನ್ನು ಮುಚ್ಚಿಟ್ಟು ಪ್ರವಾಸಿಯೆಂದು ಹೇಳಿ ಒಳಗೆ ಹೋಗುವುದು ಸುಳ್ಳು ಹೇಳಿಕೆ ಎನಿಸಿಕೊಳ್ಳುತ್ತದೆ, ಮತ್ತು ಆ ಕಲೆ ಮುಂದಿನ ಎಲ್ಲ ವೀಸಾಗಳಿಗೂ ಅಂಟುತ್ತದೆ. ಎಪ್ಪತ್ತು ವರ್ಷ ನೇರವಾಗಿ ಬಾಳಿದವರನ್ನು ಆ ಇಕ್ಕಟ್ಟಿಗೆ ತಳ್ಳಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಹುಟ್ಟಿದ ದಾಖಲೆ, ಹೆಸರಿನ ದಾಖಲೆ

ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯ ಮನೆಗಳಲ್ಲಿ ಹುಟ್ಟಿದವರಲ್ಲಿ ಬಹಳ ಮಂದಿಯ ಜನನ ಎಲ್ಲಿಯೂ ದಾಖಲಾಗಿಲ್ಲ. ಅಲ್ಲದೆ 1956ರ ನವೆಂಬರ್ 1ಕ್ಕೆ ಮೊದಲು ಉಡುಪಿ-ಮಂಗಳೂರು ಮದ್ರಾಸ್ ರಾಜ್ಯದಲ್ಲಿ, ಧಾರವಾಡ-ಬೆಳಗಾವಿ ಬೊಂಬಾಯಿ ರಾಜ್ಯದಲ್ಲಿ ಇದ್ದವು. ಹಾಗಾಗಿ ಹಳೆಯ ದಾಖಲೆಯಲ್ಲಿ ರಾಜ್ಯದ, ಜಿಲ್ಲೆಯ ಹೆಸರು ಬೇರೆಯಾಗಿದ್ದರೆ ಗಾಬರಿಯಾಗಬೇಕಿಲ್ಲ. ಮೊದಲು ಹುಟ್ಟಿದ ಊರಿನ ನೋಂದಣಾಧಿಕಾರಿಯ ಬಳಿ ಹುಡುಕಿಸಬೇಕು. ದಾಖಲೆ ಇಲ್ಲವಾದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರವನ್ನು ಬರಹದಲ್ಲಿ ಪಡೆಯಬೇಕು. ಅದರೊಂದಿಗೆ ಶಾಲೆ ಬಿಟ್ಟ ಪ್ರಮಾಣಪತ್ರವನ್ನೂ, ಹುಟ್ಟಿನ ವಿಷಯ ತಿಳಿದಿರುವ ಹಿರಿಯ ಸಂಬಂಧಿಕರಿಂದ ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ಟನ್ನೂ ಸೇರಿಸಬೇಕು. ಅಫಿಡವಿಟ್ ಕೊಡುವವರು ವಯಸ್ಸಿನಲ್ಲಿ ಅಪ್ಪ-ಅಮ್ಮನಿಗಿಂತ ದೊಡ್ಡವರಾಗಿರಬೇಕಾದ್ದರಿಂದ, ಊರಿನಲ್ಲಿ ದೊಡ್ಡಮ್ಮನೋ ಸೋದರಮಾವನೋ ಇನ್ನೂ ಇದ್ದರೆ ಈ ಕೆಲಸವನ್ನು ಒಂದು ದಿನವೂ ಮುಂದೂಡಬೇಡಿ.

ಹೋಟೆಲಿನಲ್ಲಿ ದುಡಿಯುತ್ತ ಮುಂಬೈಯ ರಾತ್ರಿಶಾಲೆಯಲ್ಲಿ ಓದಿದ ತಂದೆಯಾದರೆ, ಅಲ್ಲಿಯ ಲೀವಿಂಗ್ ಸರ್ಟಿಫಿಕೇಟ್ ಬೆಲೆಬಾಳುವ ದಾಖಲೆ. ಅದರಲ್ಲಿ ಹುಟ್ಟಿದ ದಿನ ಜೂನ್ 1 ಎಂದಿರುವುದು ಬಹಳ ಸಾಮಾನ್ಯ. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಬರೆದುಕೊಂಡ ದಿನ ಅದು. ಅದೇ ದಿನ ಪಾಸ್‌ಪೋರ್ಟಿನಲ್ಲೂ ಆಧಾರಿನಲ್ಲೂ ಇದ್ದರೆ ಚಿಂತೆಯಿಲ್ಲ. ಒಂದೊಂದರಲ್ಲಿ ಒಂದೊಂದು ಇದ್ದರೆ ಅರ್ಜಿಗೆ ಮೊದಲೇ ಸರಿಪಡಿಸಬೇಕು.

ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. ನಮ್ಮ ಕಡೆ ಊರಿನ ಅಥವಾ ಮನೆತನದ ಮೊದಲಕ್ಷರ ಮುಂದಿರುತ್ತದೆ. ಮಹಾರಾಷ್ಟ್ರದಲ್ಲಿ ಸ್ವಂತ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂಬ ಕ್ರಮ. ನನ್ನ ಅಮ್ಮ ಶಾಲೆಯ ದಾಖಲೆಯಲ್ಲಿ ಒಬ್ಬಳು, ರೇಶನ್ ಕಾರ್ಡಿನಲ್ಲಿ ಇನ್ನೊಬ್ಬಳು, ನನ್ನ ತಮ್ಮನ ಜನನ ಪ್ರಮಾಣಪತ್ರದಲ್ಲಿ ಮನೆಯಲ್ಲಿ ಕರೆಯುವ ಹೆಸರಿನ ಮೂರನೆಯವಳು. ನಾವು ಸಲಹೆ ಕೇಳಿದ ಒಂದು ಕಚೇರಿಯಲ್ಲಿ ‘ನಡೆಯುತ್ತದೆ, ಕಳಿಸಿ’ ಎಂದರು. ಕಳಿಸಿದ ಮೇಲೆ ಹೆಚ್ಚಿನ ಸಾಕ್ಷ್ಯ ಕೇಳಿ ಪತ್ರ ಬಂದು, ಏಳು ತಿಂಗಳು ಕೈಬಿಟ್ಟುಹೋಯಿತು. ಇಂಥಲ್ಲಿ ಮಾಡಬೇಕಾದದ್ದು ಎರಡು: ಮಹಾರಾಷ್ಟ್ರ ಸರ್ಕಾರದ ಗೆಜೆಟ್‌ನಲ್ಲಿ ಹೆಸರು ಬದಲಾವಣೆಯ ಪ್ರಕಟಣೆ, ಮತ್ತು ಈ ಎಲ್ಲ ಹೆಸರುಗಳೂ ಒಬ್ಬರದೇ ಎಂದು ಸಾರುವ ಅಫಿಡವಿಟ್. ಅರ್ಜಿ ಹಾಕುವ ಮಗನ ಅಥವಾ ಮಗಳ ಜನನ ಪ್ರಮಾಣಪತ್ರವನ್ನೂ ಕಣ್ಣಿಟ್ಟು ನೋಡಿ; ಹಳೆಯ ಪ್ರತಿಗಳಲ್ಲಿ ಮಗುವಿನ ಹೆಸರಿನ ಅಂಕಣವೇ ಖಾಲಿ ಇರುವುದುಂಟು. ಮಹಾನಗರಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಅದನ್ನು ತುಂಬಿಸಿಕೊಳ್ಳಬೇಕು.

ತಾಯಿಯ ಅರ್ಜಿಗೆ ಆ ಜನನ ಪ್ರಮಾಣಪತ್ರ ಸಾಕು. ತಂದೆಯ ಅರ್ಜಿಗೆ ಮಾತ್ರ ತಂದೆ-ತಾಯಿಯ ವಿವಾಹ ಪ್ರಮಾಣಪತ್ರವೂ ಬೇಕು. ಐವತ್ತು ವರ್ಷದ ಹಿಂದೆ ಊರಿನ ದೇವಸ್ಥಾನದಲ್ಲಿ ಆದ ಮದುವೆಯನ್ನು ನೋಂದಾಯಿಸಿದವರು ಕಡಿಮೆ. ತಡವಾಗಿಯಾದರೂ ನೋಂದಣಿ ಸಾಧ್ಯ. ಲಗ್ನಪತ್ರಿಕೆ, ಮದುವೆಯ ಫೋಟೊ, ಸಾಕ್ಷಿಗಳನ್ನು ಕೇಳುತ್ತಾರೆ. ಹಳೆಯ ಟ್ರಂಕಿನಲ್ಲಿ ಆ ಲಗ್ನಪತ್ರಿಕೆ ಇದೆಯೇ ಎಂದು ಇಂದೇ ನೋಡಿ. ಕನ್ನಡ ಅಥವಾ ಮರಾಠಿಯಲ್ಲಿರುವ ಪ್ರತಿಯೊಂದು ದಾಖಲೆಗೂ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ಣ ಮತ್ತು ನಿಖರವಾಗಿದೆ, ಎರಡೂ ಭಾಷೆ ತನಗೆ ಬರುತ್ತದೆ ಎಂದು ಅನುವಾದಕರು ಸಹಿ ಹಾಕಿರಬೇಕು.

ಅರ್ಜಿಯಿಂದ ಸಂದರ್ಶನದವರೆಗೆ

ಮಗ ಅಥವಾ ಮಗಳು ಅಮೆರಿಕದ ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆಗೆ ಐ-130 ಅರ್ಜಿ ಸಲ್ಲಿಸಬೇಕು. 2024ರ ಏಪ್ರಿಲ್‌ನ ಪರಿಷ್ಕರಣೆಯಂತೆ ಆನ್‌ಲೈನಿನಲ್ಲಿ 625 ಡಾಲರ್, ಕಾಗದದಲ್ಲಾದರೆ 675 ಡಾಲರ್ ಶುಲ್ಕ. ಕಟ್ಟುವ ದಿನ ಇಲಾಖೆಯ ಪುಟದಲ್ಲಿ ಮೊತ್ತವನ್ನು ಮತ್ತೊಮ್ಮೆ ನೋಡಿಕೊಳ್ಳಿ. ಮಂಜೂರಾದ ಮೇಲೆ ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಪ್ರತಿಯೊಬ್ಬರಿಗೂ ಡಿಎಸ್-260 ಎಂಬ ವಲಸೆ ವೀಸಾದ ಅರ್ಜಿ ತುಂಬಿ, ದಾಖಲೆಗಳ ಸ್ಕ್ಯಾನ್ ಪ್ರತಿಗಳನ್ನು ಏರಿಸಬೇಕು.

ಇದೇ ಹಂತದಲ್ಲಿ ಐ-864 ಎಂಬ ಆರ್ಥಿಕ ಹೊಣೆಯ ಮುಚ್ಚಳಿಕೆಯೂ ಬೇಕು. ಮಗನ ಆದಾಯ ಅಮೆರಿಕದ ಬಡತನ ಮಾನದಂಡದ ಶೇ 125ರಷ್ಟಾದರೂ ಇರಬೇಕು. ಲೆಕ್ಕ ಹಾಕುವಾಗ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಜೊತೆಗೆ ಬರಲಿರುವ ಅಪ್ಪ-ಅಮ್ಮ ಸೇರಿ ಆರು ಮಂದಿಯ ಮನೆ ಎಂದು ಹಿಡಿಯುವುದು ಸುರಕ್ಷಿತ. ಆದಾಯ ಸಾಲದಿದ್ದರೆ ಅಲ್ಲಿ ನೆಲೆಸಿರುವ ಇನ್ನೊಬ್ಬ ಪೌರ ಅಥವಾ ಗ್ರೀನ್ ಕಾರ್ಡ್ ಹೊಂದಿದವರು ಜಂಟಿ ಹೊಣೆ ಹೊರಬಹುದು. ಇದು ಕಾನೂನಿನಂತೆ ಜಾರಿ ಮಾಡಬಹುದಾದ ಕರಾರು. ಸಂಬಂಧಿಕರನ್ನು ಕೇಳುವಾಗ ಅದನ್ನು ಅವರಿಗೆ ಸ್ಪಷ್ಟವಾಗಿ ತಿಳಿಸುವುದು ನ್ಯಾಯ.

ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಬೇಕು. ತಂದೆ ಹಿಂದೆ ದುಬೈ, ಕುವೈತ್‌ಗಳಲ್ಲಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದಿದ್ದರೆ ಅಲ್ಲಿಯ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಆ ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ. ಸಂದರ್ಶನದ ದಿನ ಗೊತ್ತಾದ ಮೇಲೆ ವೈದ್ಯಕೀಯ ಪರೀಕ್ಷೆ. ಇದನ್ನು ಅಮೆರಿಕದ ಕಾನ್ಸುಲೇಟ್ ಒಪ್ಪಿದ ವೈದ್ಯರೇ ಮಾಡಬೇಕು, ಮನೆಯ ಡಾಕ್ಟರರ ಚೀಟಿ ನಡೆಯದು. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಗುರುತು ಕಂಡರೆ ಕಫದ ಪರೀಕ್ಷೆಗೆ ಹೆಚ್ಚು ವಾರಗಳು ಹಿಡಿಯುತ್ತವೆಯಾದ್ದರಿಂದ ಟಿಕೆಟನ್ನು ಮುಂಚೆಯೇ ಕೊಳ್ಳಬೇಡಿ.

ಬಾಂದ್ರಾ-ಕುರ್ಲಾ ಸಂಕೀರ್ಣದ ಕಾನ್ಸುಲೇಟಿನಲ್ಲಿ ನಡೆಯುವ ಸಂದರ್ಶನಕ್ಕೆ ಎಲ್ಲ ದಾಖಲೆಗಳ ಮೂಲಪ್ರತಿ ಒಯ್ಯಬೇಕು. ಮೊಬೈಲ್ ಒಳಗೆ ಬಿಡುವುದಿಲ್ಲವಾದ್ದರಿಂದ ಮಗನ ವಿಳಾಸ, ಉದ್ಯೋಗ, ಮಕ್ಕಳ ಹೆಸರುಗಳನ್ನು ಅಪ್ಪ-ಅಮ್ಮನಿಗೆ ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದುಕೊಡಿ. ಪ್ರಶ್ನೆಗಳು ಸರಳವಾಗಿಯೇ ಇರುತ್ತವೆ.

ಹೋದ ಮೇಲಿನ ಲೆಕ್ಕ

ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಹಣ ಕಟ್ಟಿ ಸೇರಲು ಐದು ವರ್ಷದ ನಿರಂತರ ವಾಸ ಬೇಕು. ಅಲ್ಲಿಯವರೆಗಿನ ಖಾಸಗಿ ವಿಮೆಯ ಕಂತನ್ನು ಅರ್ಜಿಗೆ ಮೊದಲೇ ವಿಚಾರಿಸಿ. ಅಪ್ಪ-ಅಮ್ಮನನ್ನು ಒಟ್ಟಿಗೆ ಕೂರಿಸಿ ಕೇಳುವುದರ ಜೊತೆಗೆ ಬೇರೆ ಬೇರೆಯಾಗಿಯೂ ಕೇಳಿ. ನಮ್ಮ ಅಮ್ಮ ಒಪ್ಪಿದ್ದು ಅಪ್ಪನಿಗೆ ಬೇಸರವಾಗಬಾರದೆಂದು ಎಂಬುದು ನಮಗೆ ತಡವಾಗಿ ತಿಳಿಯಿತು. ಆಮೇಲೆ ವರ್ಷದ ನಾಲ್ಕು ತಿಂಗಳು ಥಾಣೆಯಲ್ಲಿಯೇ ಇರುವಂತೆ ಏರ್ಪಾಡು ಮಾಡಿದೆವು. ಇಂಥ ಏರ್ಪಾಡಿಗೂ ಮಿತಿಯಿದೆ: ಆರು ತಿಂಗಳು ದಾಟಿದರೆ ಮರಳುವಾಗ ಪ್ರಶ್ನೆಗಳು ಏಳುತ್ತವೆ, ಒಂದು ವರ್ಷ ಅಥವಾ ಹೆಚ್ಚು ಕಾಲ ಹೊರಗಿದ್ದರೆ ಗ್ರೀನ್ ಕಾರ್ಡ್ ಒಂದರಿಂದಲೇ ಒಳಗೆ ಬಿಡುವುದಿಲ್ಲ. ಅಷ್ಟು ದಿನ ಊರಿನಲ್ಲಿ ಇರಬೇಕಾದ ಸಂದರ್ಭವಿದ್ದರೆ ಎರಡು ವರ್ಷದವರೆಗೆ ಮಾನ್ಯವಾಗಿರುವ ಮರುಪ್ರವೇಶ ಪರವಾನಗಿ ಪಡೆಯಬೇಕು, ಮತ್ತು ಆ ಅರ್ಜಿಯನ್ನು ಅವರು ಅಮೆರಿಕದ ನೆಲದಲ್ಲಿರುವಾಗಲೇ, ಮುಂಬೈಗೆ ವಿಮಾನ ಹತ್ತುವ ಮೊದಲೇ ಹಾಕಬೇಕು.