ಎಚ್‌ಎಎಲ್ ಮ್ಯೂಸಿಯಂನಲ್ಲಿ ಹಳೆಯ ಯುದ್ಧವಿಮಾನ ನೋಡುವುದು ಹೇಗೆ?

ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಈ ಮ್ಯೂಸಿಯಂನಲ್ಲಿ ಜಾಸ್ತಿ ಜನ ವಿಮಾನದ ಮುಂದೆ ನಿಂತು ಒಂದು ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ನನಗೆ ತುಂಬಾ ಬೇಜಾರಾಗುತ್ತದೆ. ಹಳೇ ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ಕಿನಲ್ಲಿ ಅಷ್ಟು ಹೊತ್ತು ಕೂತು ಹೋಗಿರುತ್ತೀರಿ, ಒಂದೊಂದಕ್ಕೆ ಹತ್ತು ನಿಮಿಷ ಕೊಡಿ.

ಬೆಳಗ್ಗೆಯೇ ಹೋಗಿ. ವಿಮಾನಗಳು ಬಯಲಲ್ಲಿ ನಿಂತಿವೆ, ಬಿಸಿಲೇರಿದರೆ ಮಕ್ಕಳು ಸುಸ್ತಾಗುತ್ತಾರೆ. ಹೊರಗಿನದು ಮೊದಲು, ಒಳಗಿನ ಹಾಲ್ ಆಮೇಲೆ.

ಮಾರುತ್‌ನಿಂದ ಶುರು ಮಾಡಿ. ಎಚ್‌ಎಫ್-24 ಅನ್ನುವುದು ಇದೇ ಯುದ್ಧವಿಮಾನದ ಇನ್ನೊಂದು ಹೆಸರು. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರುಗಳ ಜೊತೆ ಸೇರಿ ರೂಪಿಸಿದ ವಿಮಾನ, 1961ರ ಜೂನ್ 17ರಂದು ಮೊದಲ ಸಲ ಹಾರಿತು. ಮೊದಲು ಪಕ್ಕದಲ್ಲಿ ನಿಂತು ನೋಡಿ. ಚೂಪು ಮೂತಿ, ಹಿಂದಕ್ಕೆ ವಾಲಿದ ರೆಕ್ಕೆ, ಶಬ್ದದ ವೇಗ ದಾಟಲೆಂದೇ ಮಾಡಿದ ಮೈಕಟ್ಟು ಅಲ್ವಾ? ಈಗ ಹಿಂದಕ್ಕೆ ನಡೆಯಿರಿ. ಅಲ್ಲಿರುವ ಎರಡು ಕೊಳವೆ ಎರಡು ಆರ್ಫಿಯಸ್ ಎಂಜಿನ್‌ಗಳದ್ದು. ಈ ಮೈಗೆ ಬೇಕಿದ್ದ ಇನ್ನೂ ಬಲವಾದ ಎಂಜಿನ್ ಕೊನೆಗೂ ಸಿಗಲಿಲ್ಲ, ಸಿಕ್ಕಿದ್ದರಲ್ಲೇ ಹಾರಬೇಕಾಯಿತು, ಹಾಗಾಗಿ ಅಂದುಕೊಂಡ ವೇಗ ಅದಕ್ಕೆ ದಕ್ಕಲೇ ಇಲ್ಲ. ಆದರೂ 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡಿತು. ಇದನ್ನು ಹಾರಿಸಿ ಪರೀಕ್ಷಿಸಿದ ಸುರಂಜನ್ ದಾಸ್ 1970ರಲ್ಲಿ ಮಾರುತ್ ಅಪಘಾತದಲ್ಲೇ ತೀರಿಕೊಂಡರು. ಅಲ್ಲಿ ಒಂದು ನಿಮಿಷ ಸುಮ್ನೆ ನಿಲ್ಲಿ.

ಆಮೇಲೆ ಅಜೀತ್. ಎಷ್ಟು ಪುಟ್ಟದು ಅಂತ ನೋಡಿ! ಇದು ನ್ಯಾಟ್ ವಿಮಾನವನ್ನು ಸುಧಾರಿಸಿ ಮಾಡಿದ್ದು. 1965ರಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳ ಎದುರು ಹೆಸರು ಮಾಡಿದ್ದು ಅದೇ ನ್ಯಾಟ್. ಹಿಂದೆ ಕೊಳವೆ ಒಂದೇ, ಎಂಜಿನ್ ಮಾತ್ರ ಅದೇ ಆರ್ಫಿಯಸ್ ಕುಟುಂಬದ್ದು. ಮಕ್ಕಳಿಗೆ ಒಂದು ಕೆಲಸ ಕೊಡಿ: ಎರಡರಲ್ಲೂ ಗನ್ ಎಲ್ಲಿದೆ ಹುಡುಕಲಿ. ಮಾರುತ್‌ನಲ್ಲಿ ನಾಲ್ಕು, ಮೂತಿಯ ಕಡೆ. ಅಜೀತ್‌ನಲ್ಲಿ ಎರಡು, ಗಾಳಿ ಒಳಹೋಗುವ ಬಾಯಿಯ ಪಕ್ಕ ಒಂದೊಂದು. ಅಷ್ಟು ಚಿಕ್ಕ ಮೈಯಲ್ಲಿ ಬೇರೆಲ್ಲಿ ಜಾಗ ಇತ್ತು?

ಯಾವ ವಿಮಾನವಾದರೂ ಸರಿ, ಬಗ್ಗಿ ಹೊಟ್ಟೆಯ ಕೆಳಗೆ ನೋಡುವುದನ್ನು ಮರೆಯಬೇಡಿ. ಮೇಲಿನ ಬಣ್ಣ ಹೊಸದಾಗಿ ಬಳಿದಿರಬಹುದು. ಚಕ್ರ ಮಡಚಿಕೊಳ್ಳುವ ಗೂಡು, ಪೈಪು, ರಿವೆಟ್ ಸಾಲು ನೋಡಿದರೆ ಕೆಲಸ ಮಾಡಿದವರ ಕೈ ಕಾಣುತ್ತದೆ. ಮುಟ್ಟಬೇಡಿ, ಹತ್ತಬೇಡಿ.

ಒಳಗಿನ ಹಾಲ್‌ನಲ್ಲಿ ಫೋಟೋಗಳನ್ನು ವರ್ಷದ ಕ್ರಮದಲ್ಲಿ ನೋಡಿ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಈ ಕಾರ್ಖಾನೆ ಶುರು ಮಾಡಿದ್ದು, ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರ ವಿಮಾನಗಳು ರಿಪೇರಿಗೆ ಇಲ್ಲಿಗೇ ಬರುತ್ತಿದ್ದದ್ದು ಗೊತ್ತಿದ್ದರೆ ಆ ಹಳೇ ಫೋಟೋಗಳ ಮುಂದೆ ಕಾಲು ತಾನಾಗಿ ನಿಲ್ಲುತ್ತದೆ. ಎಂಜಿನ್‌ಗಳ ಹತ್ತಿರ ಮುಂದಿನ ಬ್ಲೇಡುಗಳಿಂದ ಶುರು ಮಾಡಿ: ಅಲ್ಲಿ ಗಾಳಿ ಒತ್ತಲ್ಪಟ್ಟು, ನಡುವೆ ಇಂಧನ ಉರಿದು, ಹಿಂದಿನಿಂದ ಬಿಸಿಗಾಳಿ ನುಗ್ಗುತ್ತದೆ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಎಚ್‌ಎಎಲ್‌ನಿಂದ ರಿಟೈರ್ ಆದ ತಾತ ಇದ್ದರೆ ಕರೆದುಕೊಂಡು ಹೋಗಿ. ಅವರು ಯಾವ ವಿಮಾನದ ಹತ್ತಿರ ಮೊದಲು ಹೋಗುತ್ತಾರೋ ನೀವೂ ಅಲ್ಲಿಂದಲೇ ಶುರು ಮಾಡಿ.